ಪುಣೆಯ ಅಡುಗೆಮನೆಯಲ್ಲಿ ದ್ರಾಕ್ಷಿ ವೈನ್

ಮಾರ್ಕೆಟ್ ಯಾರ್ಡ್‌ನಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಕಪ್ಪು ದ್ರಾಕ್ಷಿಯ ರಾಶಿ. ಗೊಂಚಲಿನಿಂದ ಉದುರಿದ್ದು ಇನ್ನೂ ಅಗ್ಗ. ಬೂಷ್ಟು ಹಿಡಿದದ್ದು ಮಾತ್ರ ಒಂದೂ ಸೇರಬಾರದು.

2 ಕೆಜಿ ಹಣ್ಣು ತೊಳೆದು, ತೊಟ್ಟು ಬಿಡಿಸಿ, ಕೈಯಲ್ಲೇ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ. ಕುದಿಸಿ ಆರಿಸಿದ 1 ಲೀಟರ್ ನೀರು, 300 ಗ್ರಾಂ ಸಕ್ಕರೆ, ಅರ್ಧ ಚಮಚ ಬೇಕರಿ ಯೀಸ್ಟ್ ಸೇರಿಸಿ 5 ಲೀಟರ್‌ನ ಗಾಜಿನ ಜಾಡಿಗೆ ಸುರಿಯಿರಿ. ಊರಿಂದ ತಂದ ಉಪ್ಪಿನಕಾಯಿ ಭರಣಿ ಬೇಡವೇ ಬೇಡ, ಆ ವಾಸನೆ ಹೋಗುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿ. ಸಿಪ್ಪೆ ಮೇಲೆದ್ದು ದಪ್ಪ ಪದರವಾಗುತ್ತದೆ. ದಿನಕ್ಕೆರಡು ಸಲ ಸೌಟಿನಿಂದ ಒತ್ತಿ ಮುಳುಗಿಸದಿದ್ದರೆ ಅದೇ ಹುಳಿಯುತ್ತದೆ.

ಆರನೇ ದಿನ ಸೋಸಿ, ಬಾಟಲಿಯ ಕತ್ತಿನವರೆಗೂ ತುಂಬಿ, ಸೂಜಿಯಿಂದ ಒಂದು ತೂತು ಮಾಡಿದ ಬಲೂನು ಸಿಕ್ಕಿಸಿ. ಮುಚ್ಚಳ ಬಿಗಿದರೆ ಯೀಸ್ಟ್ ಬಿಡುವ ಗ್ಯಾಸಿಗೆ ಬಾಟಲಿ ಸಿಡಿಯುತ್ತದೆ. ತೆರೆದಿಟ್ಟರೆ ಗಾಳಿ ಸೇರಿ ವಿನೆಗರ್.

ನಿಜವಾದ ತಲೆನೋವು ಇಲ್ಲಿನ ಬಿಸಿಲು. 30 ಡಿಗ್ರಿ ದಾಟಿದರೆ ಯೀಸ್ಟ್ ಗಡಿಬಿಡಿಯಲ್ಲಿ ಕೆಲಸ ಮಾಡಿ ಖಾರ ವಾಸನೆ ಬಿಡುತ್ತದೆ. ನೀರಿನ ಪರಾತದಲ್ಲಿ ಬಾಟಲಿ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿ. ಜಾಸ್ತಿ ಸಕ್ಕರೆಯ ಆಸೆಯೂ ಬೇಡ: ಲೀಟರಿಗೆ ಸುಮಾರು 17 ಗ್ರಾಂಗೆ ಶೇ. 1 ಆಲ್ಕೋಹಾಲ್, ಬೇಕರಿ ಯೀಸ್ಟ್ ಶೇ. 12ರ ಆಸುಪಾಸಿಗೆ ಸುಸ್ತು.

ಗ್ಯಾಸ್ ಬರುವುದು ನಿಂತು ಬಲೂನು ಜೋತುಬಿದ್ದ ಮೇಲೆ ತಳದ ಗಷ್ಟು ಕಲಕದಂತೆ ಪೈಪಿನಲ್ಲಿ ಮೇಲಿನ ತಿಳಿ ಎಳೆಯಿರಿ.