ಹೊಗೆ ಹೋಗುವ ದಾರಿ

ಪುನರ್ವಸು ಮಳೆ ಕಟ್ಟಿಕೊಂಡು ಹನ್ನೊಂದು ದಿನವಾಗಿತ್ತು. ಕೊಡಗಿನ ಶಾಂತಳ್ಳಿ ಕಡೆ ಮಳೆ ಮೇಲಿಂದ ಬೀಳುವುದಕ್ಕಿಂತ ಪುಷ್ಪಗಿರಿ ಬೆಟ್ಟದ ಗಾಳಿ ಜೊತೆ ಅಡ್ಡಡ್ಡ ಬರುವುದೇ ಹೆಚ್ಚು. ಬೆಳಿಗ್ಗೆ ಅಳತೆ ಡಬ್ಬಿ ನೋಡಿದರೆ ನಾಲ್ಕೂವರೆ ಇಂಚು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಗ ಪೈಸಾರಿ ಅಜ್ಜಿಯ ಮೊಮ್ಮಗ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಅಂಗಳದಲ್ಲಿ ಬಂದು ನಿಂತ.

"ಮೇಷ್ಟ್ರೇ, ಅಜ್ಜಿ ಕರೀತಾರೆ. ಮನೆ ನೋಡ್ಲಿಕ್ಕೆ ವಿ.ಎ. ಬರ್ತಾರಂತೆ."

ಪೈಸಾರಿಯಲ್ಲಿ, ಅಂದರೆ ಸರ್ಕಾರದ ಖಾಲಿ ಜಾಗದಲ್ಲಿ, ಮನೆ ಕಟ್ಟಿಕೊಂಡಿದ್ದಕ್ಕೆ ಅಜ್ಜಿಗೆ ಆ ಹೆಸರು. ಎರಡು ಕೋಣೆ, ಮಣ್ಣಿನ ಗೋಡೆ, ಮಂಗಳೂರು ಹೆಂಚು. ಅಂಥ ಮನೆಯನ್ನು ಸಕ್ರಮ ಮಾಡಿಕೊಡಿ ಎನ್ನುವ 94ಸಿ ಅರ್ಜಿ ಹಾಕಿ ವರ್ಷಗಳಾದರೂ ಹಕ್ಕುಪತ್ರ ಕೈಗೆ ಬಂದಿಲ್ಲ. ಅದಿಲ್ಲದೆ ಮನೆ ಕಟ್ಟಲು ಸರ್ಕಾರ ನೆರವು ಕೊಡುವ ಬಸವ ವಸತಿ ಯೋಜನೆಗೆ ಹೆಸರು ಸೇರಿಸಲಾಗದು ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದರು. ಅಜ್ಜಿಗೆ ಅದರದ್ದೇನೂ ಬೇಜಾರಿರಲಿಲ್ಲ. "ಹೊಸ ಮನೆ ಯಾವ ಸುಖಕ್ಕೆ? ನಾಲ್ಕು ಹೆಂಚು ಕೊಟ್ರೆ ಸಾಕು" ಅನ್ನುತ್ತಿದ್ದರು.

ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಸೋರುವ ಕಡೆಯೆಲ್ಲ ಪಾತ್ರೆ: ಒಂದು ಅನ್ನದ ತಪ್ಪಲೆ, ಒಂದು ಚೊಂಬು, ಒಂದು ಪೇಂಟ್ ಡಬ್ಬಿ. ಒಂದೊಂದರದ್ದೂ ಒಂದೊಂದು ಸದ್ದು. ಒಲೆ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಮೊಮ್ಮಗನ ಯೂನಿಫಾರ್ಮ್ ಒಣಗಲು ಹರವಿದ್ದರು. ಆ ಹುಡುಗ ನನ್ನ ಶಾಲೆಗೇ ಬರುತ್ತಿದ್ದವನು. ಮಳೆಗಾಲದಲ್ಲಿ ಅವನ ಮೈಯಿಂದ ಯಾಕೆ ಹೊಗೆ ವಾಸನೆ ಬರುತ್ತಿತ್ತು ಎಂದು ನನಗೆ ಗೊತ್ತಾದದ್ದು ಅವತ್ತು.

ವಿ.ಎ., ಅಂದರೆ ಊರಿನ ಕಂದಾಯದ ಕೆಲಸ ನೋಡುವ ಅಧಿಕಾರಿ, ಒಳ್ಳೆ ಹುಡುಗ. ಮಂಡಿವರೆಗೆ ಕೆಸರು ಮಾಡಿಕೊಂಡೇ ಬಂದಿದ್ದ. ಸುತ್ತ ನೋಡಿದ, ಗೋಡೆ ಒತ್ತಿ ನೋಡಿದ, ಮೊಬೈಲಿನಲ್ಲಿ ಫೋಟೋ ತೆಗೆದ. ಆಮೇಲೆ ನನ್ನನ್ನು ಜಗಲಿಗೆ ಕರೆದು ಮೆಲ್ಲಗೆ ಹೇಳಿದ: "ಸಾರ್, ಗೋಡೆ ಬಿದ್ದಿಲ್ವಲ್ಲ. ಬರೀ ಸೋರೋದಕ್ಕೆ ಪರಿಹಾರದ ಕಾಲಮ್ಮೇ ಇಲ್ಲ."

ವಿಕೋಪ ಪರಿಹಾರಕ್ಕೆ 2022–26ರ ಅವಧಿಗೆ ಕೇಂದ್ರದ ಮಾನದಂಡ ಹೀಗಿತ್ತಂತೆ: ಮನೆ ಪೂರ್ತಿ ಹೋದರೆ ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಅರೆಬರೆ ಹಾನಿಯಾದ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500. ಆ ಅರೆಬರೆಯೂ ಕನಿಷ್ಠ ನೂರಕ್ಕೆ 15 ಭಾಗ ಇರಬೇಕು. ಅಜ್ಜಿಯ ಮನೆಯಲ್ಲಿ ಒಡೆದ ಹೆಂಚು ಎಣಿಸಿದರೆ ಮೂವತ್ತು ಮೂವತ್ತೈದು. ಅದು ನೂರಕ್ಕೆ ಎಷ್ಟಾಯಿತು ಎಂದು ಲೆಕ್ಕ ಹಾಕಲು ಲೆಕ್ಕದ ಮೇಷ್ಟ್ರಾದ ನನಗೂ ಮನಸ್ಸು ಬರಲಿಲ್ಲ.

ಆಗ ನೆನಪಾದದ್ದು ಅಮೆರಿಕದ ಮಿಷಿಗನ್. ಹಿಂದಿನ ನವೆಂಬರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಪಕ್ಕದ ಮನೆಯ ಮುದುಕಿಗೆ ಸರ್ಕಾರದ ದುಡ್ಡಿನಲ್ಲಿ ಚಳಿ ತಡೆಯುವ ಕೆಲಸ ಮಾಡಿಕೊಡುತ್ತಿದ್ದರು. 1973ರ ತೈಲ ಬಿಕ್ಕಟ್ಟಿನ ನಂತರ, 1976ರಲ್ಲಿ ಶುರುವಾದ ಯೋಜನೆ. ಹೊಸ ಮನೆ ಕಟ್ಟಿಸಿಕೊಡುವುದಲ್ಲ, ಕಡಿಮೆ ವರಮಾನದವರು ಇರುವ ಮನೆಯ ಸಂದುಗೊಂದು ಮುಚ್ಚಿ ಬೆಚ್ಚಗೆ ಮಾಡುವುದು. ಬಾಡಿಗೆ ಮನೆಯಲ್ಲಿರುವವರಿಗೂ ಉಂಟು, ಮಾಲೀಕ ಒಪ್ಪಬೇಕು ಅಷ್ಟೆ. ನಮ್ಮ ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆ ನೆನೆದು ನಾನು ಸುಮ್ಮನಾಗಿದ್ದೆ.

ಮುಂಬಾಗಿಲಿಗೆ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆದರು. ಆಮೇಲೆ ಒಬ್ಬ ಹುಡುಗ ಊದುಬತ್ತಿಯಂಥದ್ದು ಹಿಡಿದು ಕಿಟಕಿ, ಸ್ವಿಚ್ ಬೋರ್ಡು, ನೆಲದಂಚು ಎಲ್ಲ ಸುತ್ತಿದ. ನೆಟ್ಟಗೆ ಏಳುತ್ತಿದ್ದ ಹೊಗೆ ಸಂದು ಇದ್ದಲ್ಲಿ ತಟ್ಟನೆ ಬಾಗುತ್ತಿತ್ತು. ಅಲ್ಲೊಂದು ಗುರುತು. ಅಟ್ಟಕ್ಕೆ ಹಳೇ ಪೇಪರಿನಿಂದ ಮಾಡಿದ ಹತ್ತಿಯಂಥ ಪುಡಿಯನ್ನು ಪೈಪಿನಲ್ಲಿ ಊದಿದರು. ಕೊನೆಗೆ, ಎಲ್ಲ ಮುಚ್ಚಿದ ಮೇಲೆ ಕೆಟ್ಟ ಗಾಳಿ ಒಳಗೇ ನಿಲ್ಲಬಾರದೆಂದು ಗೋಡೆಗೊಂದು ಚಿಕ್ಕ ಫ್ಯಾನ್ ಹಾಕಿ ಹೋದರು. ತಮಾಷೆಯೆಂದರೆ, ಆ ಮುದುಕಿಯ ಮನೆಯನ್ನೂ ಮೊದಲ ಸಲ ಒಪ್ಪಿರಲಿಲ್ಲವಂತೆ. ಮಾಡು ಸೋರುತ್ತಿತ್ತು, ಮೊದಲು ಅದನ್ನು ಸರಿಮಾಡಿಸಿಕೊಳ್ಳಿ ಎಂದಿದ್ದರಂತೆ. ಸೋರುವ ಮನೆಗೆ ಅಲ್ಲೂ ಕಾಲಮ್ಮಿಲ್ಲ!

ಅಜ್ಜಿಯ ಅಡುಗೆ ಕೋಣೆಯಲ್ಲಿ ಫ್ಯಾನೂ ಬೇಡ, ಊದುಬತ್ತಿಯೂ ಬೇಡ. ಹಸಿ ಸೌದೆಯ ಹೊಗೆ ಮೇಲೆದ್ದು, ಹೆಂಚಿನಡಿ ಒಂದು ಗಳಿಗೆ ತಡಕಾಡಿ, ಎಲ್ಲೆಲ್ಲಿ ಸಂದು ಉಂಟೋ ಅಲ್ಲಲ್ಲೇ ನುಸುಳಿ ಹೋಗುತ್ತಿತ್ತು. ಹೊಗೆ ಹೋದಲ್ಲೆಲ್ಲ ನಾನು ಕೋಲಿನಿಂದ ತೋರಿಸಿದೆ, ಮೊಮ್ಮಗ ಏಣಿ ಹತ್ತಿ ಬದಲಿಸುತ್ತ ಬಂದ.

ಹೆಂಚು ತಂದದ್ದು ಮೇಲಿನ ಊರಿನಲ್ಲಿ ಕೆಡವಿದ ಮನೆಯೊಂದರಿಂದ, ಪುಕ್ಕಟೆ. ಪುಕ್ಕಟೆಯದ್ದು ಹೇಗಿರುತ್ತದೋ ಹಾಗೇ ಇತ್ತು: ಅದು ಒಂದು ಕಾರ್ಖಾನೆಯದ್ದು, ಅಜ್ಜಿಯ ಮನೆಯದ್ದು ಇನ್ನೊಂದರದ್ದು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರಲೊಲ್ಲದು. ಒತ್ತಿ ಕೂರಿಸಲು ಹೋಗಿ ಗಟ್ಟಿಯಿದ್ದ ಎರಡು ಹೆಂಚೂ ಒಡೆದವು, ಒಂದು ಚೂರು ಅಕ್ಕಿ ಮೂಟೆ ಮೇಲೇ ಬಿತ್ತು. "ಪಾಠ ಮಾಡಿದ ಹಾಗಲ್ಲ ಮೇಷ್ಟ್ರೇ ಇದು" ಎಂದು ಅಜ್ಜಿ ನಕ್ಕರು. ಕೊನೆಗೆ ಸೋಮವಾರಪೇಟೆಯಿಂದ ನೀಲಿ ಟಾರ್ಪಾಲ್ ತರಿಸಿ, ಮಾಡಿನ ಈ ಬದಿಯಿಂದ ಆ ಬದಿಗೆ ಎಳೆದು, ಕಾಡುಕಲ್ಲು ಹೇರಿ ಹಗ್ಗ ಬಿಗಿದೆವು. ಸಂಜೆ ಹೊತ್ತಿಗೆ ಪಾತ್ರೆಗಳ ಸದ್ದು ನಿಂತಿತು. ನಾನು ಕರಿಕಾಪಿ ಕುಡಿದು, ದೊಡ್ಡ ಕೆಲಸ ಮಾಡಿದವನ ಹಾಗೆ ಮನೆಗೆ ಬಂದೆ.

ನಾಲ್ಕು ದಿನ ಬಿಟ್ಟು ಹೋದಾಗ ಅಜ್ಜಿ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕಣ್ಣು ಕೆಂಪಗೆ ಊದಿತ್ತು. ಮೊದಲ ರಾತ್ರಿಯೇ ಒಳಗೆ ಹೊಗೆ ಕಟ್ಟಿ, ಮೊಮ್ಮಗ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡನಂತೆ. ಮಿಷಿಗನ್ನಿನಲ್ಲಿ ಆ ಚಿಕ್ಕ ಫ್ಯಾನ್ ಹಾಕುವುದನ್ನು ಕಣ್ಣಾರೆ ನೋಡಿ ಬಂದವನು ನಾನು.

ಒಳಗೆ ಹೋಗಿ ತಲೆ ಎತ್ತಿದೆ. ಒಲೆಯ ನೇರಕ್ಕೆ ಒಂದು ಹೆಂಚು ಎತ್ತಿಟ್ಟು, ಟಾರ್ಪಾಲನ್ನು ಅಂಗೈಯಗಲ ಕತ್ತಿಯಲ್ಲಿ ಕೊಯ್ದಿದ್ದರು. ಹೊಗೆ ಸುರುಳಿಯಾಗಿ ಅಲ್ಲಿಂದ ಹೋಗುತ್ತಿತ್ತು, ಮಳೆಹನಿ ಅಲ್ಲಿಂದ ಬರುತ್ತಿತ್ತು. ಒಲೆಯ ಪಕ್ಕಕ್ಕೆ ಆ ಪೇಂಟ್ ಡಬ್ಬಿ ಮತ್ತೆ ಬಂದು ಕೂತಿತ್ತು.