ತುಂಬುತೋಳಿನ ಅಂಗಿ

ಮೇ ತಿಂಗಳ ಕಲಬುರಗಿಯಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು ತಿರುಗುವವನು ಒಂದೋ ಮದುಮಗನಾಗಿರಬೇಕು, ಇಲ್ಲವೇ ಏನನ್ನೋ ಮುಚ್ಚಿಡುತ್ತಿರಬೇಕು. ನಾನು ಎರಡನೆಯವನಾಗಿದ್ದೆ. ಬಲಗೈ ಮೇಲೆ ಎರಡು ಹಲ್ಲಿನ ಗುರುತುಗಳಿದ್ದವು. ರಕ್ತ ಬಂದಿರಲಿಲ್ಲ, ಚರ್ಮ ತರಚಿತ್ತು ಅಷ್ಟೇ. ಕಚ್ಚಿದ್ದು ನಮ್ಮ ಮನೆಯದೇ ನಾಯಿ, ತೊಗರಿ. ಹೆಸರಿಟ್ಟವಳು ಮಗಳು. ಅದರ ಮೈಬಣ್ಣ ಸಿಪ್ಪೆ ಬಿಡಿಸದ ತೊಗರಿಕಾಳಿನದು.

ಹನ್ನೆರಡು ದಿನಗಳ ಹಿಂದೆ ಹುಮನಾಬಾದ್ ರಿಂಗ್ ರಸ್ತೆಯಲ್ಲಿ ಆಟೊ ಬಡಿದು ಅದರ ಎಡ ಹಿಂಗಾಲು ಮುರಿದಿತ್ತು. ಪಶು ಆಸ್ಪತ್ರೆಯ ವೈದ್ಯರು ಪ್ಲಾಸ್ಟರ್ ಹಾಕಿ, ಎಲುಬು ಕೂಡಲು ಆರು ವಾರವಾದರೂ ಬೇಕು ಎಂದಿದ್ದರು. ಪ್ಲಾಸ್ಟರ್ ತೋಯಬಾರದು. ನೋವಿದೆಯೆಂದು ಮನುಷ್ಯರ ಗುಳಿಗೆ ಕೊಡಬಾರದು. ನಮಗೆ ಏನೂ ಮಾಡದ ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು. ನೆಕ್ಕದಂತೆ ಕುತ್ತಿಗೆಗೆ ಏನಾದರೂ ಕಟ್ಟಬೇಕು. ನಾವು ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು ತೊಡಿಸಿದ್ದೆವು. ಅದನ್ನು ಹಾಕಿಕೊಂಡು ತೊಗರಿ ಬಾಗಿಲು ಬಾಗಿಲಿಗೆ ಢಣ್ ಎಂದು ಹಾಯುತ್ತಿತ್ತು.

ಅದೇ ಹೊತ್ತಿಗೆ ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಸೊಲ್ಲಾಪುರದಲ್ಲಿ ದಿನ ನಿಗದಿಯಾಯಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಒಂದೋ ಹೈದರಾಬಾದು, ಇಲ್ಲವೇ ಸೊಲ್ಲಾಪುರ. ಹೆಂಡತಿ ಅವ್ವನ ಬಳಿ ಇರಬೇಕು, ಓಡಾಟಕ್ಕೆ ನಾನು ಬೇಕು. ಮಗಳು ರಜೆಗೆಂದು ಸೇಡಂಗೆ ಹೋಗಿದ್ದಳು. ಪಕ್ಕದ ಮನೆಯವರು, “ಮಾಳಿಗೆ ಮೇಲೆ ಕಟ್ಟಿ ಹೋಗಿ, ದಿನಾ ಎರಡು ರೊಟ್ಟಿ ಹಾಕುತ್ತೇವೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಆದರೆ ಆ ಮಾಳಿಗೆಯ ಮೇಲೆ ಮಧ್ಯಾಹ್ನ ನಾನೇ ಬರಿಗಾಲಲ್ಲಿ ನಿಲ್ಲಲಾರೆ.

ಹುಡುಕಿದಾಗ ಸಿಕ್ಕವರು ಶರಣಬಸವೇಶ್ವರ ಗುಡಿಯ ಕೆರೆಯ ಹಿಂದಿನ ಓಣಿಯಲ್ಲಿರುವ ನಿವೃತ್ತ ನರ್ಸ್ ಒಬ್ಬರು. ಊರಿಗೆ ಹೋಗುವವರ ನಾಯಿಗಳನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಾರೆ, ದಿನಕ್ಕೆ ಮುನ್ನೂರೈವತ್ತು ರೂಪಾಯಿ. ಓಣಿಗೆಲ್ಲ ಅವರು ಸಿಸ್ಟರ್. ಅಣ್ಣನಿಗೆ ಹೇಳಿದಾಗ, “ಅಂದರೆ ನಾಯಿಗೂ ಲಾಡ್ಜ್ ಮಾಡಿದೆ” ಎಂದು ನಕ್ಕ.

ಕಚ್ಚಿದ್ದು ಹೊರಡುವ ಎರಡು ದಿನ ಮುಂಚೆ. ಪ್ಲಾಸ್ಟರಿನ ಕೆಳತುದಿಯ ಹತ್ತಿ ಸರಿಪಡಿಸಲು ಹಿಮ್ಮಡಿ ಹಿಡಿದೆ, ಅದು ಗಪ್ಪನೆ ತಿರುಗಿತು. ಐದು ವರ್ಷದಲ್ಲಿ ಒಮ್ಮೆಯೂ ಹಲ್ಲು ತೋರಿಸಿದ ನಾಯಿಯಲ್ಲ. ನನಗೆ ಮೊದಲು ಹೊಳೆದದ್ದು ಅದರ ನೋವಲ್ಲ, ಇನ್ನು ಸಿಸ್ಟರ್ ಇದನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು. ಹೆಂಡತಿಗೂ ಹೇಳಲಿಲ್ಲ. ನಾಲ್ಕು ಪುಟ ಸೂಚನೆ ಬರೆದೆ: ಗುಳಿಗೆಯ ಹೊತ್ತು, ಮಜ್ಜಿಗೆ ಅನ್ನ ಇಷ್ಟ, ಈರುಳ್ಳಿ ಹಾಕಿದ್ದು ಬೇಡ, ಗುಡುಗಿದರೆ ಮಂಚದ ಕೆಳಗೆ ಸೇರುತ್ತದೆ. ಎಲ್ಲ ಬರೆದೆ, ಅದೊಂದನ್ನು ಬಿಟ್ಟು.

ಸಿಸ್ಟರ್ ಮನೆಯ ನೆಲ ಶಹಾಬಾದ್ ಕಲ್ಲಿನದು, ಓಡಾಡಿ ಓಡಾಡಿ ಸವೆದು ನುಣುಪಾದದ್ದು. ತಂಪಾಗಿದೆ ಎಂದು ನಾನು ಹೊಗಳುತ್ತಿದ್ದರೆ ಅವರು ಆಗಲೇ ಗೋಣಿಚೀಲ ಹಾಸುತ್ತಿದ್ದರು. “ಮೂರು ಕಾಲಿನ ಮೇಲೆ ನಡೆಯುವುದು ಈ ನೆಲದಲ್ಲಿ ಜಾರಿದರೆ ಇನ್ನೊಂದು ಕಾಲೂ ಹೋಗುತ್ತದೆ.” ನನ್ನ ನಾಲ್ಕು ಪುಟದಲ್ಲಿ ಆ ಮಾತು ಇರಲಿಲ್ಲ. ನಮ್ಮ ಮನೆಯದೂ ಅದೇ ಕಲ್ಲು.

ಹಾಳೆಗಳನ್ನು ಓದಿ ಮುಗಿಸಿ, ಕನ್ನಡಕ ತೆಗೆದು ನನ್ನ ಅಂಗಿಯನ್ನು ನೋಡಿದರು.

“ಇಷ್ಟು ಬಿಸಿಲಿನಲ್ಲಿ ತೋಳು ಏಕೆ ಮಡಚಿಲ್ಲ ನೀವು?”

ಏನೋ ತೊದಲಿದೆ. ಅವರು ಕೈ ಚಾಚಿದರು. ಮೂವತ್ತು ವರ್ಷ ವಾರ್ಡಿನಲ್ಲಿ ಕೈ ಚಾಚಿದವರ ಮುಂದೆ ಕೈ ಕೊಡದೆ ಇರುವುದು ಆಗದ ಮಾತು. ಗುಂಡಿ ಬಿಚ್ಚಿದರು, ನೋಡಿದರು.

“ಸಾಬೂನು ಹಾಕಿ ತೊಳೆದಿರಾ? ಎಷ್ಟು ಹೊತ್ತು?”

“ತೊಳೆದೆ... ಎರಡು ನಿಮಿಷ.”

“ಹದಿನೈದು ನಿಮಿಷ. ಸೂಜಿ?”

ನಾಯಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿದ್ದೇನೆಂದು ಚೀಟಿ ತೋರಿಸಿದೆ. “ಅದು ನಾಯಿಯದು. ನಿನ್ನದು ಎಲ್ಲಿ? ಮೊದಲು ಸೂಜಿ ತಮ್ಮಾ, ಆಮೇಲೆ ನಾಯಿ.” ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ಆ ಗಳಿಗೆಯಿಂದ ‘ನೀನು’ ಎಂದರು. ಇವತ್ತಿಗೂ ಹಾಗೇ.

ಜಿಲ್ಲಾ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ಮುಂದಿನವು ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ. ಬರುವಷ್ಟರಲ್ಲಿ ಸಿಸ್ಟರ್ ಗಾಯದ ಬಟ್ಟೆಯ ಪಟ್ಟಿಯಿಂದ ತೊಗರಿಯ ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಗಂಟು ಕೊಟ್ಟು, ಕಿವಿಯ ಹಿಂದೆ ಕಟ್ಟಿದ್ದರು. ಕಾಲಿನ ಹತ್ತಿ ನೋಡಿ ಮುಗಿಸಿದ್ದೇ ಬಿಚ್ಚಿದರು. ನಾಲಿಗೆ ಚಾಚಿ ಏದುವುದರಿಂದಲೇ ನಾಯಿಯ ಮೈ ತಣ್ಣಗಾಗುವುದು, ಬಿಸಿಲುಗಾಲದಲ್ಲಿ ಮೂತಿ ಕಟ್ಟಿ ಬಿಡಬಾರದು ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸೊಲ್ಲಾಪುರದಿಂದ ಅದೇ ರಾತ್ರಿ ವಿಡಿಯೊ ಕರೆ ಮಾಡಿದೆ. ನನ್ನ ದನಿ ಕೇಳಿದ್ದೇ ತೊಗರಿ ಎದ್ದು ನಿಲ್ಲಲು ಹೋಗಿ ಬಿತ್ತು. ಅಲ್ಲಿಗೆ ಕರೆ ಬಂದ್. ದಿನಕ್ಕೊಂದು ಫೋಟೊ ಕಳಿಸುತ್ತೇನೆ ಎಂದರು. ಬಂದದ್ದು ಮುಖವಲ್ಲ, ಪ್ಲಾಸ್ಟರಿನ ತುದಿಯಲ್ಲಿ ಕಾಣುವ ಬೆರಳುಗಳು. ಮರುದಿನವೂ ಬೆರಳುಗಳೇ. ನಡುವಿನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಕ್ಷೇಮ, ಅಗಲಿದರೆ ಒಳಗೆ ಬಾವು ಎಂದು ಅರ್ಥವಂತೆ. ಅವ್ವ ಮಂಚದ ಮೇಲೆ ಕಾಲು ಚಾಚಿ, “ನನ್ನ ಬೆರಳನ್ನು ಇಷ್ಟು ಸಲ ನೋಡಿದೆಯೇನಪ್ಪಾ?” ಎಂದಳು. ಮೂರನೆಯ ದಿನದ ಸೂಜಿ ಅಲ್ಲಿಯೇ ಹಾಕಿಸಿಕೊಂಡೆ.

ನಾಲ್ಕನೆಯ ದಿನ ಫೋಟೊ ಬರಲಿಲ್ಲ, ಫೋನ್ ಬಂತು. “ಬೆರಳು ಅಗಲಿವೆ, ಪ್ಲಾಸ್ಟರಿನಿಂದ ವಾಸನೆ ಬರುತ್ತಿದೆ. ಆಟೊದಲ್ಲಿ ಕೂರಿಸಿದ್ದೇನೆ. ಕೇಳಲು ಮಾಡಿದ ಫೋನ್ ಅಲ್ಲ ಇದು, ತಿಳಿಸಲು ಮಾಡಿದ್ದು.”

ಸಂಜೆ ಮತ್ತೆ ಫೋನ್. ಪ್ಲಾಸ್ಟರ್ ಕೊಯ್ದು ನೋಡಿದರೆ ಹಿಮ್ಮಡಿಯ ಎಲುಬಿನ ಮೇಲೆ ಉಜ್ಜಿ ಉಜ್ಜಿ ಎಂಟಾಣೆಯಷ್ಟು ಅಗಲದ ಹುಣ್ಣು. ಹುಳು ಬಿದ್ದಿರಲಿಲ್ಲ, ಸದ್ಯ. ತೊಳೆದು, ಗಾಯಕ್ಕೆ ಕಿಂಡಿ ಬಿಟ್ಟು ಮತ್ತೆ ಕಟ್ಟಿದರಂತೆ. ನಾನು ಅಂದು ಕೈ ಹಾಕಿದ್ದು ಅದೇ ಜಾಗಕ್ಕೆ. ವೈದ್ಯರು, “ಇದಕ್ಕೂ ಮುಂಚೆ ಮುಟ್ಟಿದಾಗ ಏನಾದರೂ ಮಾಡಿತ್ತೇ?” ಎಂದು ಸಿಸ್ಟರನ್ನು ಕೇಳಿದ್ದಾರೆ. ಇವರು ನನ್ನ ಕೈಯ ವಿಷಯ ಹೇಳಿದ್ದಾರೆ. ಆಗಲೇ ಕರೆತರಬಾರದಿತ್ತೇ ಎಂದರಂತೆ ವೈದ್ಯರು. ಈ ಭಾಗವನ್ನು ಹೇಳುವಾಗ ಸಿಸ್ಟರ್ ದನಿ ಏರಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಾನು ಅಂಗಿಯ ತೋಳನ್ನು ಮಡಚುತ್ತಾ ಬಿಚ್ಚುತ್ತಾ ನಿಂತಿದ್ದೆ.

ಅವ್ವನನ್ನು ಕರೆದುಕೊಂಡು ಬೆಳಗಿನ ಗಾಡಿಗೆ ಹೊರಟೆವು. ದುಧನಿ, ಗಾಣಗಾಪುರ ರೋಡ್, ಆಮೇಲೆ ನಮ್ಮೂರು. ಅವರನ್ನು ಮನೆಗೆ ಬಿಟ್ಟು, ಅದೇ ಆಟೊದಲ್ಲಿ ಕೆರೆಯ ಕಡೆ ಹೋದೆ.

ತೊಗರಿ ಬಾಲ ಬಡಿಯಿತು, ಏಳಲಿಲ್ಲ. ಏಳಬಾರದೆಂದು ಕಲಿಸಿದ್ದರು. ಸಿಸ್ಟರ್ ಲೆಕ್ಕ ಬರೆದಿಟ್ಟಿದ್ದರು: ಏಳು ದಿನಕ್ಕೆ ಎರಡು ಸಾವಿರದ ನಾನೂರೈವತ್ತು, ಆಟೊ ಬಾಡಿಗೆ, ಮುಲಾಮು. ಅದರ ಜೊತೆ ನನ್ನ ನಾಲ್ಕು ಪುಟಗಳನ್ನೂ ಹಿಂದಿರುಗಿಸಿದರು. ಮೊದಲ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿತ್ತು: ಎಡ ಹಿಮ್ಮಡಿ ಮುಟ್ಟಿದರೆ ಕಚ್ಚುತ್ತದೆ.

ಹಣ ಕೊಟ್ಟು, ನಾಯಿಯನ್ನು ಎತ್ತಿಕೊಳ್ಳಲು ಬಗ್ಗಿದೆ.

“ಇವತ್ತು ಏಳನೆಯ ದಿನ” ಎಂದರು ಸಿಸ್ಟರ್.

ನಾನು ಮರೆತಿದ್ದೆ. ಬಾಗಿಲಲ್ಲಿ ಕಾಯುತ್ತಿದ್ದ ಆಟೊದವನಿಗೆ ಜಿಲ್ಲಾ ಆಸ್ಪತ್ರೆಗೆ ನಡೆ ಎಂದೆ. ತೊಗರಿ ಗೋಣಿಚೀಲದ ಮೇಲೆಯೇ ಉಳಿಯಿತು.