ಅಡುಗೆ ಸ್ಪರ್ಧೆಗಳಲ್ಲಿ ಯಾವುದನ್ನು ನೋಡಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಟಿವಿಯಲ್ಲಿ ಬರುವ ಅಡುಗೆ ಸ್ಪರ್ಧೆಗಳಲ್ಲಿ ನಿಜಕ್ಕೂ ನೋಡುವಂಥದ್ದು ಯಾವುದು? ಕೋಲಾರದಲ್ಲಿ ಊಟದ ವಿಷಯ ಬಂತೆಂದರೆ ಪರಿಚಯದವರು ನನ್ನನ್ನು ಕೇಳುವುದು ಇದನ್ನೇ. ಮದುವೆ ಅಡುಗೆ ಒಪ್ಪಿಕೊಳ್ಳುವವರು ಕೇಳುತ್ತಾರೆ, ಬೇಕರಿ ಇಟ್ಟವರು ಕೇಳುತ್ತಾರೆ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಹುಡುಗರಂತೂ ಪಟ್ಟಿಯನ್ನೇ ಬರೆದುಕೊಡಿ ಎನ್ನುತ್ತಾರೆ. ಒಂದೇ ಹೆಸರು ಸಾಕೆನ್ನುವವರಿಗೆ ನನ್ನ ಉತ್ತರ: ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್.

ಮಾಸ್ಟರ್‌ಶೆಫ್ ಹುಟ್ಟಿದ್ದು ಬ್ರಿಟನ್ನಿನ ಬಿಬಿಸಿಯಲ್ಲಿ, 1990ರಲ್ಲಿ. ಆಸ್ಟ್ರೇಲಿಯಾಕ್ಕೆ ಬಂದದ್ದು 2009ರಲ್ಲಿ. ಆದರೂ ನಾನು ಆಸ್ಟ್ರೇಲಿಯಾದ್ದನ್ನೇ ಮುಂದಿಡುವುದಕ್ಕೆ ಕಾರಣವಿದೆ. ಯಾವ ಅಡುಗೆ ಸ್ಪರ್ಧೆಯನ್ನೇ ನೋಡಲಿ, ನಾನು ಗಮನಿಸುವುದು ಒಂದನ್ನೇ. ತುತ್ತು ಬಾಯಿಗಿಟ್ಟ ತೀರ್ಪುಗಾರರು ಕಾರಣ ಹೇಳುತ್ತಾರೆಯೇ? 'ಅದ್ಭುತ' ಎಂದು ಕಣ್ಣು ಮುಚ್ಚಿದರೆ ನೋಡುವವರಿಗೆ ಏನೂ ದಕ್ಕುವುದಿಲ್ಲ. 'ಹುಳಿ ಮುಂದಾಗಿದೆ, ಈರುಳ್ಳಿ ಇನ್ನೂ ಬಾಡಬೇಕಿತ್ತು' ಎಂದರೆ ಮಾರನೆಯ ದಿನ ನಮ್ಮ ಬಾಣಲೆಯ ಮುಂದೆ ನಿಂತಾಗ ಅದು ನೆನಪಿಗೆ ಬರುತ್ತದೆ. ಆಸ್ಟ್ರೇಲಿಯಾದ ತೀರ್ಪುಗಾರರು ಸೋತವರಿಗೂ ಕಾರಣ ಹೇಳಿ ಕಳಿಸುತ್ತಾರೆ, ಮರ್ಯಾದೆ ಕೊಟ್ಟು ಕಳಿಸುತ್ತಾರೆ. ಮೊದಲ ಸೀಸನ್ನಿನಲ್ಲೇ ಆಡ್ರಿಯಾನೋ ಜುಂಬೋ ಎಂಬ ಸಿಹಿತಿನಿಸಿನ ಬಾಣಸಿಗರು ಕ್ರೋಕಂಬೂಶ್ ಮಾಡಿಸಿದರು. ಕ್ರೀಮ್ ತುಂಬಿದ ಉಂಡೆಗಳನ್ನು ಸಕ್ಕರೆ ಪಾಕದಲ್ಲಿ ಅದ್ದಿ ಗೋಪುರದಂತೆ ಜೋಡಿಸುವ ಕೆಲಸ ಅದು. ಪಾಕ ತೆಳುವಾದರೆ ಉಂಡೆ ನಿಲ್ಲದು, ತಣಿದರೆ ಅಂಟದು. ಪಾಕದ ಹದವೇ ಇಡೀ ಕಂತಿನ ಜೀವಾಳ ಎಂದರೆ ಕಜ್ಜಾಯ ಮಾಡುವ ಮನೆಯವರಿಗೆ ಬೇರೆ ವಿವರಣೆ ಬೇಕಿಲ್ಲ.

ಆ ಸರಣಿಯ 2021ರ ಸೀಸನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಾಂಗ್ಲಾ ಮೂಲದ ಕುಟುಂಬದ ಕಿಶ್ವರ್ ಚೌಧರಿ ಅಂತಿಮ ಸುತ್ತಿನಲ್ಲಿ ಮಾಡಿದ್ದು ಪಾಂತಾ ಭಾತ್. ಅನ್ನಕ್ಕೆ ನೀರು ಹೊಯ್ದು ರಾತ್ರಿಯಿಡೀ ಇಟ್ಟು ಬೆಳಗ್ಗೆ ಉಣ್ಣುವ, ಹೊಲದಲ್ಲಿ ದುಡಿಯುವವರ ಊಟ ಅದು. ಸ್ಪರ್ಧೆಯಲ್ಲಿ ರಾತ್ರಿಯಿಡೀ ಕಾಯಲು ಯಾರು ಬಿಡುತ್ತಾರೆ? ಆಕೆ ಅನ್ನದ ನೀರಿಗೆ ಹೊಗೆಯ ಪರಿಮಳ ಹಿಡಿಸಿ, ಜೊತೆಗೆ ಆಲೂ ಭೋರ್ತಾ ಎಂಬ ಹಿಸುಕಿದ ಆಲೂಗಡ್ಡೆಯ ಪಲ್ಯ ಮತ್ತು ಸಾರ್ಡಿನ್ ಮೀನು ಬಡಿಸಿದರು. ನಮ್ಮಲ್ಲಿ ತಂಗಳನ್ನಕ್ಕೆ ಮಜ್ಜಿಗೆ ಬೆರೆಸಿ, ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುತ್ತಾರಲ್ಲ, ಅದರ ಹತ್ತಿರದ ನೆಂಟ. ಆ ಊಟವನ್ನು ಅತಿಥಿಗಳ ಮುಂದಿಡಲು ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಹಿಂಜರಿಕೆ. ಆಕೆ ಅದನ್ನು ಅಂತಿಮ ಸುತ್ತಿಗೇ ತಂದಿಟ್ಟರು. ಅವರು ಮೂರನೆಯ ಸ್ಥಾನಕ್ಕೆ ನಿಂತರು, ಗೆದ್ದವರು ಜಸ್ಟಿನ್ ನಾರಾಯಣ್. ಆದರೂ ಆ ಸೀಸನ್ ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಅನ್ನದ ಬಟ್ಟಲೇ.

ಅಮೆರಿಕದ ಟಾಪ್ ಶೆಫ್ ಮಾಸ್ಟರ್ಸ್‌ನಲ್ಲಿಯೂ ಇಂಥದ್ದೇ ಒಂದು ನಡೆಯಿತು. 2011ರಲ್ಲಿ ಮುಂಬಯಿ ಮೂಲದ ಫ್ಲಾಯ್ಡ್ ಕಾರ್ಡೋಜ್ ಅಂತಿಮ ಸುತ್ತಿಗೆ ಇಟ್ಟ ತಿನಿಸುಗಳಲ್ಲಿ ಕಾಡು ಅಣಬೆ ಹಾಕಿದ ಉಪ್ಪಿಟ್ಟೂ ಇತ್ತು, ಅವರೇ ಗೆದ್ದರು. ಉಪ್ಪಿಟ್ಟು ಎಂದರೆ ಮೂಗು ಮುರಿಯುವವರಿಗೆ ನಾನು ಈ ಸಂಗತಿ ಹೇಳದೆ ಬಿಡುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಸ್ಪರ್ಧೆಗಳ ಮಿತಿಯನ್ನೂ ಹೇಳಬೇಕು. ಗಡಿಯಾರ ಇಟ್ಟು ಮಾಡುವ ಅಡುಗೆಯಲ್ಲಿ ನಿಧಾನದ ಅಡುಗೆಗೆ ಜಾಗವಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೋಲಾರದ ಯಾವ ಬೀದಿಗೆ ಹೋದರೂ ಸೊಗಡು ಅವರೆಯ ರಾಶಿ. ಕಾಯಿ ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಮನೆಮಂದಿಯೆಲ್ಲ ಕೂತು ಮಾತಾಡುತ್ತಾ ಮಾಡಿದರೂ ಗಂಟೆಗಟ್ಟಲೆ ಹಿಡಿಯುತ್ತದೆ. ಹಿದುಕಿದ ಬೇಳೆ ಸಾರಿನ ರುಚಿಯಲ್ಲಿ ಆ ಹೊತ್ತೂ ಸೇರಿದೆ. ಅರವತ್ತು ನಿಮಿಷದ ಸುತ್ತಿನಲ್ಲಿ ಅದು ಹುಟ್ಟುವುದಿಲ್ಲ. ಹಾಗಾಗಿ ಟಿವಿಯಲ್ಲಿ ಗೆದ್ದದ್ದೇ ದೊಡ್ಡ ಅಡುಗೆ ಎಂದು ಎಳೆಯರು ನಂಬಬಾರದು ಎಂಬುದು ನನ್ನ ಕಾಳಜಿ.

ಒಂದೇ ಪದಾರ್ಥದಿಂದ ಹತ್ತು ಬಗೆ ಮಾಡುವ ಜಾಣತನ ನೋಡಬೇಕೆಂದರೆ ಜಪಾನಿನ ಐರನ್ ಶೆಫ್ ಹುಡುಕಿ. ಫುಜಿ ವಾಹಿನಿಯಲ್ಲಿ 1993ರಲ್ಲಿ ಶುರುವಾದದ್ದು. ಸ್ಪರ್ಧೆ ಆರಂಭವಾಗುವಾಗ ಪದಾರ್ಥವೊಂದರ ಮೇಲಿನ ಮುಸುಕು ತೆಗೆಯುತ್ತಾರೆ, ಒಂದು ಗಂಟೆಯೊಳಗೆ ಅದರಿಂದಲೇ ಹಲವು ತಿನಿಸುಗಳಾಗಬೇಕು. ಅವರೆಯ ಕಾಲದಲ್ಲಿ ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಮುದ್ದೆಗೆ ಸಾರು, ಸಂಜೆಗೆ ಕರಿದ ಬೇಳೆ, ರಾತ್ರಿ ಅವರೆಕಾಳು ರೊಟ್ಟಿ ಮಾಡುವ ನಮ್ಮ ಹೆಂಗಸರಿಗೆ ಈ ಪಂದ್ಯದ ಮರ್ಮ ಕೂಡಲೇ ತಿಳಿಯುತ್ತದೆ.

ಬೇಕರಿಯವರಿಗೂ ಮಕ್ಕಳಿರುವ ಮನೆಯವರಿಗೂ ನಾನು ಹೇಳುವುದು ಬ್ರಿಟನ್ನಿನ ಗ್ರೇಟ್ ಬ್ರಿಟಿಷ್ ಬೇಕ್ ಆಫ್. 2010ರಿಂದ ಬರುತ್ತಿದೆ. ಹುಲ್ಲುಗಾವಲಿನ ನಡುವೆ ಒಂದು ದೊಡ್ಡ ಡೇರೆ, ಒಳಗೆ ಮನೆಯಲ್ಲಿ ಬೇಕಿಂಗ್ ಮಾಡುವ ಸಾಮಾನ್ಯ ಜನ. ಗೆದ್ದವರಿಗೆ ಹಣವಿಲ್ಲ, ಹೂಗುಚ್ಛ ಮತ್ತು ಕೇಕ್ ಇಡುವ ಒಂದು ತಟ್ಟೆ, ಅಷ್ಟೆ. ಒಬ್ಬರ ಕೇಕ್ ಕುಸಿಯುತ್ತಿದ್ದರೆ ಪಕ್ಕದವರು ಓಡಿಬಂದು ಕೈ ಕೊಡುತ್ತಾರೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೆಯ ಸುತ್ತು. ಎಲ್ಲರಿಗೂ ಒಂದೇ ಪಾಕವಿಧಾನ ಕೊಡುತ್ತಾರೆ, ಆದರೆ ಮುಖ್ಯ ವಿವರಗಳನ್ನೇ ಬಿಟ್ಟಿರುತ್ತಾರೆ. 'ಬೇಯಿಸಿ' ಎಂದಷ್ಟೇ ಇರುತ್ತದೆ. ಎಷ್ಟು ಹೊತ್ತು, ಎಷ್ಟು ಉರಿ ಎಂಬುದಿಲ್ಲ. ಯಾರು ಮಾಡಿದ್ದೆಂದು ತಿಳಿಯದೆ ತೀರ್ಪುಗಾರರು ರುಚಿ ನೋಡುತ್ತಾರೆ. ರಾಗಿ ಮುದ್ದೆ ಬೆಂದಿತೇ ಎಂದು ತಿಳಿಯಲು ನಾವು ಗಡಿಯಾರ ನೋಡುವುದಿಲ್ಲ. ಬೆರಳು ಒದ್ದೆ ಮಾಡಿಕೊಂಡು ಹಿಟ್ಟನ್ನು ಮುಟ್ಟುತ್ತೇವೆ. ಅಂಟದಿದ್ದರೆ ಬೆಂದಿದೆ, ಅಂಟಿದರೆ ಇನ್ನೂ ಹಸಿ. ಆ ಸುತ್ತು ಪರೀಕ್ಷಿಸುವುದು ಇಂಥ ತಿಳಿವಳಿಕೆಯನ್ನೇ.

ವೃತ್ತಿಯವರ ಕೈಚಳಕ ನೋಡಬೇಕೆನ್ನುವ ಹುಡುಗರಿಗೆ 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಕೊರಿಯಾದ ಕಲಿನರಿ ಕ್ಲಾಸ್ ವಾರ್ಸ್. ನೂರು ಬಾಣಸಿಗರು, ಅವರಲ್ಲಿ ಇಪ್ಪತ್ತು ಮಂದಿ ಆಗಲೇ ಹೆಸರು ಮಾಡಿದವರು, ಎಂಬತ್ತು ಮಂದಿ ಬೆಳಕಿಗೆ ಬಾರದವರು. ಒಂದು ಸುತ್ತಿನಲ್ಲಿ ಇಬ್ಬರು ತೀರ್ಪುಗಾರರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಿನ್ನುತ್ತಾರೆ. ಹೆಸರು, ಅಲಂಕಾರ ಎಲ್ಲವೂ ಪಕ್ಕಕ್ಕೆ ಸರಿದು ನಾಲಿಗೆಯೊಂದೇ ಉಳಿಯುತ್ತದೆ.

ನಮ್ಮ ದೇಶದ ಮಾಸ್ಟರ್‌ಶೆಫ್ 2010ರಲ್ಲಿ ಶುರುವಾಯಿತು, ಮೊದಲ ಸಲ ಗೆದ್ದವರು ಲಖನೌದ ಶಿಕ್ಷಕಿ ಪಂಕಜ್ ಭದೌರಿಯಾ. ಕಣ್ಣೀರು, ಹಿನ್ನೆಲೆ ಸಂಗೀತ ಅಡುಗೆಗಿಂತ ಹೆಚ್ಚು ಹೊತ್ತು ತಿನ್ನುತ್ತವೆ ಎಂಬುದು ನನ್ನ ದೂರು. ಆದರೂ 2023ರಲ್ಲಿ ಮಂಗಳೂರಿನಲ್ಲಿ ಜ್ಯೂಸ್ ಅಂಗಡಿ ನಡೆಸುತ್ತಿದ್ದ ಮೊಹಮ್ಮದ್ ಆಶಿಕ್ ಗೆದ್ದ ಸೀಸನ್ನನ್ನು ಕನ್ನಡಿಗರು ತಪ್ಪಿಸಿಕೊಳ್ಳಬಾರದು. ಬೈಗುಳವೇ ಬಂಡವಾಳವಾಗಿರುವ ಸ್ಪರ್ಧೆಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಕೂಗಾಡುವುದೇ ಶಿಸ್ತು ಎಂದು ಕಲಿತ ಹುಡುಗ ನಾಳೆ ತನ್ನ ಕೈಕೆಳಗಿನವರ ಮೇಲೆ ಅದನ್ನೇ ಮಾಡುತ್ತಾನೆ.

ನನ್ನ ಆಸೆ ಒಂದಿದೆ. ಕನ್ನಡದ ವಾಹಿನಿಯೊಂದು ತಾರೆಯರನ್ನು ಬಿಟ್ಟು, ಮುಳಬಾಗಿಲಿನ ದೋಸೆ ಹುಯ್ಯುವವರನ್ನು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯವರನ್ನು, ಬಸ್ಸಾರು ಕುದಿಸುವ ಹಳ್ಳಿಯ ತಾಯಂದಿರನ್ನು ಕರೆದು ನಿಲ್ಲಿಸಬೇಕು. ಹಿಟ್ಟು ರುಬ್ಬಿ ಹುಳಿಬರಲು ಒಂದು ರಾತ್ರಿ ಬಿಡಬೇಕು, ಮಾರನೆಯ ಬೆಳಗ್ಗೆ ಬಂದು ರುಚಿ ನೋಡಬೇಕು.